ದನಿಗೆಷ್ಟು ಪ್ರಾಯ?

ಮುಖ ಕಾಣದ ಕಡೆಯಿಂದ ದನಿಯೊಂದು ಕೇಳಿಬಂದರೆ ಒಂದೆರಡು ಸೆಕೆಂಡುಗಳಲ್ಲೇ ಕಿವಿ ಆಡುತ್ತಿರುವವರ ಬಗ್ಗೆ ಏನೇನೋ ತೀರ್ಮಾನಿಸಿಬಿಡುತ್ತದೆ. ಗಂಡೋ ಹೆಣ್ಣೋ, ಯಾವ ಕಡೆಯವರು, ಪ್ರಾಯ ಎಷ್ಟಿರಬಹುದು. ಗಂಡು ಹೆಣ್ಣಿನ ವಿಷಯದಲ್ಲಿ ಅದು ತಪ್ಪುವುದು ಅಪರೂಪ. ಪ್ರಾಯದ ವಿಷಯದಲ್ಲಿ ಅದರ ಅಂದಾಜು ಒಟ್ಟಾರೆ ಸರಿ, ಬಿಡಿಬಿಡಿಯಾಗಿ ನೋಡಿದರೆ ಅಷ್ಟೇನೂ ಸರಿಯಲ್ಲ. ಕನ್ನಡದಲ್ಲಿ ಈ ಅಂದಾಜನ್ನು ಮುಂದಕ್ಕೆ ಹಾಕುವಂತೆಯೂ ಇಲ್ಲ. ಫೋನೆತ್ತಿದವರಿಗೆ ನೀನು ಅನ್ನಬೇಕೋ ನೀವು ಅನ್ನಬೇಕೋ, ಅಕ್ಕ ಅನ್ನಬೇಕೋ ಅಮ್ಮ ಅನ್ನಬೇಕೋ ಎಂಬುದು ಅವರ ‘ಹಲೋ’ ಮುಗಿಯುವುದರೊಳಗೆ ಇತ್ಯರ್ಥವಾಗಬೇಕು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’ ಸಾಕು. ಆದರೂ ಅಲ್ಲಿನ ಕಿವಿಗಳೂ ಪ್ರಾಯದ ಲೆಕ್ಕ ಹಾಕುವುದನ್ನು ಬಿಟ್ಟಿಲ್ಲ. ತನ್ನವರ ದನಿ ಕೇಳುವಾಗ ನಡೆಯುವ ಈ ಲೆಕ್ಕ ಬೇರೆ ಜನಾಂಗದವರ ದನಿ ಕೇಳುವಾಗಲೂ ಹಾಗೆಯೇ ನಡೆಯುತ್ತದೆಯೆ? ಈ ಪ್ರಶ್ನೆಗೆ ಬೇಕಾದ ಸಾಮಗ್ರಿ ಹೆಚ್ಚಾಗಿ ಸಿಗುವುದು ಅಮೆರಿಕದಲ್ಲಿ. ಕಪ್ಪು ಬಿಳುಪಿನ ಚರಿತ್ರೆ ಅಲ್ಲಿ ಮಾತಿನೊಳಕ್ಕೂ ಇಳಿದಿದೆ.

ದನಿಯಿಂದ ಪ್ರಾಯ ಗುರುತಿಸುವ ಪ್ರಯೋಗಗಳಲ್ಲಿ ಇಂದಿಗೂ ಮತ್ತೆ ಮತ್ತೆ ಹೆಸರಾಗುವುದು 1966ರಲ್ಲಿ ಟಾಸೆಕ್ ಮತ್ತು ಸ್ಯಾಂಡರ್ ಎಂಬ ಇಬ್ಬರು ಪ್ರಕಟಿಸಿದ್ದು. ಅವರು 35ರ ಒಳಗಿನವರ ಮತ್ತು 65 ದಾಟಿದವರ ದನಿಗಳನ್ನು ಮುದ್ರಿಸಿಕೊಂಡು, ಯಾವುದು ಎಳೆಯದು ಯಾವುದು ಹಳೆಯದು ಎಂದು ಕೇಳುಗರನ್ನು ಕೇಳಿದರು. ಗದ್ಯವೊಂದನ್ನು ಓದಿದ ಮುದ್ರಣ ಕೇಳಿಸಿದಾಗ ಉತ್ತರ ನೂರಕ್ಕೆ 99 ಸಲ ಸರಿಯಾಗಿತ್ತು. ಅದೇ ಮುದ್ರಣವನ್ನು ಹಿಂದುಮುಂದಾಗಿ ಓಡಿಸಿದಾಗ ಮಾತು ಅರ್ಥವಾಗುವ ಮಾತಿಲ್ಲ. ಆಗಲೂ 87 ಸಲ ಸರಿ. ಕೊನೆಗೆ ಮಾತೇ ಇಲ್ಲದೆ, ಬರೀ ಒಂದು ಸ್ವರವನ್ನು ಎಳೆದು ಹಿಡಿದದ್ದನ್ನು ಕೇಳಿಸಿದರು. ಉತ್ತರ 78ಕ್ಕೆ ಇಳಿಯಿತು.

ಈ ಮೂರು ಅಂಕಿಗಳ ನಡುವಿನ ಅಂತರವೇ ಇಲ್ಲಿ ಮುಖ್ಯ. ಎಳೆದು ಹಿಡಿದ ‘ಆ’ದಲ್ಲಿ ಇರುವುದು ಹೆಚ್ಚುಕಡಿಮೆ ಗಂಟಲು ಮತ್ತು ಉಸಿರು ಮಾತ್ರ. ಹಿಂದುಮುಂದಾದ ಮುದ್ರಣದಲ್ಲಿ ಅವುಗಳ ಜೊತೆಗೆ ಏರಿಳಿತ ಮತ್ತು ವೇಗ ಉಳಿದಿರುತ್ತವೆ. ಸರಿಯಾದ ಮುದ್ರಣದಲ್ಲಿ ಭಾಷೆಯೇ ಇದೆ. ಅಕ್ಷರಗಳನ್ನು ಉಚ್ಚರಿಸುವ ಬಗೆ, ತಡೆದು ನಿಲ್ಲುವ ಜಾಗ ಎಲ್ಲ ಅದರಲ್ಲಿವೆ. ಅಂದರೆ ಕಿವಿ ಪ್ರಾಯವನ್ನು ಎರಡು ಮೂಲಗಳಿಂದ ತೆಗೆದುಕೊಳ್ಳುತ್ತದೆ. ಒಂದು ಮೈ, ಇನ್ನೊಂದು ನುಡಿ. ಮೈ ಮುಪ್ಪಾಗುವ ಬಗೆ ಲೋಕದ ಎಲ್ಲ ಕಡೆ ಬಹುಪಾಲು ಒಂದೇ. ನುಡಿಯ ವಿಷಯದಲ್ಲಿ ಹಾಗೆ ಹೇಳಲಾಗದು. ಜನಾಂಗ ಬದಲಾದಾಗ ಕಿವಿ ಎಡವುವುದು ಎಲ್ಲಿ ಎಂಬುದರ ಸುಳಿವು ಇದರಲ್ಲೇ ಇದೆ.

ಮೊದಲು ಮೈ. ಧ್ವನಿಪೆಟ್ಟಿಗೆಯೊಳಗಿನ ಎರಡು ಧ್ವನಿತಂತುಗಳು ಶ್ವಾಸಕೋಶದಿಂದ ಮೇಲೇರುವ ಗಾಳಿಗೆ ಅದುರಿದಾಗ ದನಿ ಹುಟ್ಟುತ್ತದೆ. ತಂತು ಎಂಬ ಹೆಸರು ವೀಣೆಯನ್ನು ನೆನಪಿಗೆ ತರುತ್ತದೆ. ನಿಜದಲ್ಲಿ ಅವು ಸ್ನಾಯುವಿನ ಮೇಲೆ ಮೆತ್ತನೆಯ ಪೊರೆ ಹೊದ್ದ ಮಡಿಕೆಗಳು. ಎಳೆಗೂಸಿನಲ್ಲಿ ಅವು ತೀರ ಚಿಕ್ಕವು, ಹಾಗಾಗಿ ಅದರ ಅಳು ಸೆಕೆಂಡಿಗೆ 400ರಿಂದ 500 ಕಂಪನಗಳಷ್ಟು, ಅಂದರೆ 400ರಿಂದ 500 ಹರ್ಟ್ಸ್‌ನಷ್ಟು ಮೇಲಿನ ಶ್ರುತಿಯಲ್ಲಿರುತ್ತದೆ. ಶಾಲೆಯ ಮಕ್ಕಳಲ್ಲಿ ಅದು 250ರ ಆಸುಪಾಸಿಗೆ ಇಳಿದಿರುತ್ತದೆ. ಹರೆಯದಲ್ಲಿ ಹುಡುಗರ ಗಂಟಲು ಒಡೆದು ದನಿ ಸುಮಾರು ಒಂದು ಸಪ್ತಕದಷ್ಟು ಕೆಳಗೆ ಬೀಳುತ್ತದೆ. ಹುಡುಗಿಯರ ದನಿಯೂ ಇಳಿಯುತ್ತದೆ, ಆದರೆ ಸದ್ದಿಲ್ಲದೆ. ಬೆಳೆದ ಹೆಂಗಸರ ಮಾತಿನ ಶ್ರುತಿ 200 ಹರ್ಟ್ಸ್ ಸುತ್ತಮುತ್ತ, ಗಂಡಸರದು 110ರಿಂದ 120.

ಆಮೇಲಿನ ಕತೆ ಗಂಡಿಗೊಂದು ಹೆಣ್ಣಿಗೊಂದು. ಹ್ಯಾರಿ ಹೋಲಿಯನ್ ಮತ್ತು ಥಾಮಸ್ ಶಿಪ್ 1972ರಲ್ಲಿ 20ರಿಂದ 89 ವರ್ಷದವರೆಗಿನ 175 ಗಂಡಸರ ದನಿಯನ್ನು ಅಳೆದರು. ಇಪ್ಪತ್ತರ ಪ್ರಾಯದವರ ಸರಾಸರಿ ಶ್ರುತಿ 120 ಹರ್ಟ್ಸ್ ಇದ್ದದ್ದು ನಲವತ್ತರವರಲ್ಲಿ 107ಕ್ಕೆ ಇಳಿದಿತ್ತು. ಎಂಬತ್ತರ ಮೇಲಿನವರಲ್ಲಿ ಮತ್ತೆ ಏರಿ 146 ಆಗಿತ್ತು. ಮುದುಕರ ದನಿ ಕೀರಲಾಗುತ್ತದೆ ಎಂದು ಊರಿನವರು ಹೇಳುವುದಕ್ಕೆ ಇದೇ ಲೆಕ್ಕ. ಧ್ವನಿತಂತುವಿನ ಸ್ನಾಯು ಸೊರಗಿ, ಮೇಲಿನ ಪೊರೆ ತೆಳುವಾಗಿ, ಸುತ್ತಲಿನ ಮೃದ್ವಸ್ಥಿ ಮೂಳೆಯಂತೆ ಗಟ್ಟಿಯಾಗುವುದರಿಂದ ಹೀಗಾಗುತ್ತದೆ. ಹೆಂಗಸರಲ್ಲಿ ತಿರುಗುಮುರುಗು. ಮುಟ್ಟು ನಿಂತ ಮೇಲೆ ಹಾರ್ಮೋನುಗಳ ಪ್ರಮಾಣ ಬದಲಾಗಿ ಧ್ವನಿತಂತುಗಳು ಕೊಂಚ ಊದಿಕೊಂಡು ಭಾರವಾಗುತ್ತವೆ, ಶ್ರುತಿ ಇಳಿಯುತ್ತದೆ. ಹೀಗಾಗಿ ಅಜ್ಜ ಅಜ್ಜಿಯರ ದನಿಗಳು ಶ್ರುತಿಯಲ್ಲಿ ಒಂದಕ್ಕೊಂದು ಹತ್ತಿರ ಬರುತ್ತವೆ. ಶ್ರುತಿಯೊಂದನ್ನೇ ನಂಬಿ ಪ್ರಾಯ ಹೇಳಹೊರಟವರು, ಆಡುತ್ತಿರುವುದು ಗಂಡೋ ಹೆಣ್ಣೋ ಎಂಬುದನ್ನು ಮೊದಲು ತಿಳಿದಿರಬೇಕು. ಕಿವಿಗೆ ಇದು ಯಾರೂ ಕಲಿಸದೆ ಗೊತ್ತು.

ಶ್ರುತಿಯ ಆಚೆಗೂ ಮುಪ್ಪು ಗುರುತು ಬಿಡುತ್ತದೆ. ಎದೆಗೂಡು ಬಿಗಿಯಾಗಿ ಶ್ವಾಸಕೋಶ ಹಿಡಿಯುವ ಗಾಳಿ ಕಡಿಮೆಯಾದಂತೆ ಒಂದು ಉಸಿರಿಗೆ ಆಡುವ ಮಾತು ಗಿಡ್ಡವಾಗುತ್ತದೆ. ಧ್ವನಿತಂತುಗಳು ಪೂರ್ತಿ ಮುಚ್ಚಿಕೊಳ್ಳದೆ ನಡುವಿನಿಂದ ಗಾಳಿ ಸೋರುತ್ತದೆ. ಕಂಪನ ಒಂದೇ ಸಮನೆ ಇರದೆ ಏರುಪೇರಾಗಿ, ದನಿ ಒಡಕಾಗಿ ಅಥವಾ ಗೊಗ್ಗರಾಗಿ ಕೇಳುತ್ತದೆ. 1974ರಲ್ಲಿ ರಯನ್ ಮತ್ತು ಬರ್ಕ್ ಎಂಬವರು ಗಂಡಸರ ದನಿಗಳನ್ನು ಪರೀಕ್ಷಿಸಿ, ಕೇಳುಗರು ಮುಪ್ಪು ಎಂದು ಹೇಳುವಂತೆ ಮಾಡುವ ಗುರುತುಗಳನ್ನು ಹೆಕ್ಕಿದರು. ನಡುಕ, ಗಂಟಲ ಬಿಗಿತ, ಗಾಳಿಯ ಸೋರಿಕೆ, ವ್ಯಂಜನಗಳು ಅಸ್ಪಷ್ಟವಾಗುವುದು, ಮಾತಿನ ನಿಧಾನ ಇವು ಅವರ ಪಟ್ಟಿಯ ಮುಖ್ಯ ಅಂಶಗಳು. ಇದರಲ್ಲಿ ಕೊನೆಯ ಎರಡನ್ನು ಗಮನಿಸಬೇಕು. ಅವು ಗಂಟಲಿನವಲ್ಲ, ಉಚ್ಚಾರಣೆಯವು. ಮುಪ್ಪು ಇಲ್ಲದೆಯೂ ಅವು ಬರಬಹುದು.

ನಿಧಾನದ ಪ್ರಭಾವ ಎಷ್ಟೆಂಬುದನ್ನು ಫ್ಲಾರಿಡಾದ ತಂಡವೊಂದು 2008ರಲ್ಲಿ ನೇರವಾಗಿ ಪರೀಕ್ಷಿಸಿತು. ಜೇಮ್ಸ್ ಹಾರ್ನ್ಸ್‌ಬರ್ಗರ್ ಮುಂದಾಳಾಗಿದ್ದ ಆ ತಂಡದಲ್ಲಿ ಹಿರಿಯ ಹೋಲಿಯನ್ ಇದ್ದರು. ಮೈಸೂರು ವಿಶ್ವವಿದ್ಯಾಲಯದಲ್ಲಿ ವಾಕ್ ಮತ್ತು ಶ್ರವಣ ವಿಜ್ಞಾನ ಓದಿ ಅಮೆರಿಕಕ್ಕೆ ಹೋದ ರಾಹುಲ್ ಶ್ರೀವಾಸ್ತವ್ ಕೂಡ ಇದ್ದರು. ತಂಡ ದನಿಗಳ ವೇಗವನ್ನೂ ಶ್ರುತಿಯನ್ನೂ ಕಂಪ್ಯೂಟರಿನಲ್ಲಿ ಬದಲಿಸಿ ಕೇಳಿಸಿತು. ಬಾಯಿ ಅದೇ, ಗಂಟಲು ಅದೇ. ವೇಗ ಬದಲಾದಾಗ ಕೇಳುಗರು ಹೇಳುವ ಪ್ರಾಯವೂ ಬದಲಾಯಿತು. ಆದರೆ ಈ ಎರಡನ್ನೇ ತಿರುಗಿಸಿ ಯುವಕನ ದನಿಯನ್ನು ಪೂರ್ತಿ ಮುದುಕನದಾಗಿಸಲು ಆಗಲಿಲ್ಲ. ಕಿವಿ ಒಂದೇ ಗುರುತಿನ ಮೇಲೆ ಇಡೀ ಭಾರ ಹಾಕುವುದಿಲ್ಲ, ಹಲವನ್ನು ಒಟ್ಟಿಗೆ ತೂಗುತ್ತದೆ.

ತೂಗಿದ ಮೇಲೂ ತಪ್ಪುತ್ತದೆ. ಸರಿಯಾದ ವರ್ಷ ಹೇಳಿ ಎಂದರೆ ಕೇಳುಗರು ಹತ್ತು ವರ್ಷ ಅತ್ತಿತ್ತ ಆಗುವುದು ಸಾಮಾನ್ಯ. ತಪ್ಪಿಗೂ ಒಂದು ದಿಕ್ಕಿದೆ. ಎಳೆಯರಿಗೆ ಇರುವುದಕ್ಕಿಂತ ಹೆಚ್ಚು ಪ್ರಾಯ ಹೇಳುತ್ತಾರೆ, ವೃದ್ಧರಿಗೆ ಕಡಿಮೆ ಹೇಳುತ್ತಾರೆ. ಎಲ್ಲರೂ ನಡುವಯಸ್ಸಿನ ಕಡೆಗೆ ಸರಿಯುತ್ತಾರೆ. ವಯಸ್ಸಾದ ಕೇಳುಗರ ಅಂದಾಜಿಗಿಂತ ಎಳೆಯ ಕೇಳುಗರದು ಹೆಚ್ಚು ಹತ್ತಿರ ಎಂದು ಹಲವು ಪ್ರಯೋಗಗಳು ಹೇಳಿವೆ. ಆಡುವವರ ಬದುಕೂ ಲೆಕ್ಕವನ್ನು ಕೆಡಿಸುತ್ತದೆ. ಸಿಗರೇಟು ಸೇದುವವರ ದನಿಗೆ ಜನ ಹೆಚ್ಚು ಪ್ರಾಯ ಹೇಳುತ್ತಾರೆ. ಮೈ ಗಟ್ಟಿಮುಟ್ಟಾಗಿರುವ ವೃದ್ಧರ ದನಿ ಕಾಯಿಲೆ ಬಿದ್ದ ಅದೇ ಪ್ರಾಯದವರ ದನಿಗಿಂತ ಎಳೆಯದಾಗಿ ಕೇಳುತ್ತದೆ. ಹಾಡಿ ಪಳಗಿದ ಗಂಟಲಿನದೂ ಅದೇ ಕತೆ. ಕಿವಿ ಅಳೆಯುತ್ತಿರುವುದು ಜನ್ಮದಿನಾಂಕವನ್ನಲ್ಲವಾದ್ದರಿಂದ ಇದನ್ನು ಕಿವಿಯ ದೋಷ ಎನ್ನುವುದು ಅನ್ಯಾಯವೇ ಸರಿ.

ಈಗ ಜನಾಂಗದ ಮಾತು. ಜನಾಂಗ ಎಂಬುದು ಮೈಬಣ್ಣ, ಚರಿತ್ರೆ, ಕಾನೂನು ಎಲ್ಲ ಸೇರಿ ಕಟ್ಟಿದ ಸಾಮಾಜಿಕ ಗುಂಪು. ಗಂಟಲಿಗೆ ಮೈಬಣ್ಣ ಇಲ್ಲ. ಹಾಗಿದ್ದರೂ ಕಪ್ಪು ಅಮೆರಿಕನ್ನರ ದನಿಯೇ ಬೇರೆ ಎಂಬ ನಂಬಿಕೆ ಅಲ್ಲಿ ಹಳೆಯದು, ಹಾಗಾಗಿ ಸಂಶೋಧಕರು ಅಳೆದೂ ನೋಡಿದರು. 1970ರಲ್ಲಿ ಫಿಚ್ ಮತ್ತು ಹಾಲ್ಬ್ರುಕ್ ಎಂಬವರು ಕಾಲೇಜು ಪ್ರಾಯದವರ ಓದಿನ ಶ್ರುತಿಯನ್ನು ಅಳೆದಾಗ ಗಂಡಸರ ಸರಾಸರಿ 117, ಹೆಂಗಸರದು 217 ಹರ್ಟ್ಸ್ ಬಂದಿತ್ತು. 1981ರಲ್ಲಿ ಹಡ್ಸನ್ ಮತ್ತು ಹಾಲ್ಬ್ರುಕ್ ಕಪ್ಪು ಜನಾಂಗದ 100 ಯುವಕರು ಮತ್ತು 100 ಯುವತಿಯರನ್ನು ಅಳೆದರು. 110 ಮತ್ತು 193 ಬಂತು. ಹೆಂಗಸರಲ್ಲಿ 24 ಹರ್ಟ್ಸ್ ಅಂತರ ಸಣ್ಣದಲ್ಲ. ಹೆಣ್ಣಿನ ದನಿ ತಗ್ಗಿದಷ್ಟೂ ಪ್ರಾಯ ಹೆಚ್ಚು ಎಂಬ ಸೂತ್ರ ಹಿಡಿದ ಕಿವಿ ಇಪ್ಪತ್ತರ ಕಪ್ಪು ಯುವತಿಗೆ ಒಂದಿಷ್ಟು ವರ್ಷ ಸೇರಿಸಿ ಹೇಳಿದರೆ ಆಶ್ಚರ್ಯವಿಲ್ಲ.

ಆದರೆ ಆ ಅಂತರ ಗಂಟಲಿನದೆ? 1994ರಲ್ಲಿ ವಾಲ್ಟನ್ ಮತ್ತು ಓರ್ಲಿಕಾಫ್ ಓದನ್ನು ಬದಿಗಿಟ್ಟು, 50 ಕಪ್ಪು ಮತ್ತು 50 ಬಿಳಿ ಗಂಡಸರಿಂದ ಬರೀ ‘ಆ’ ಎಳೆಸಿದರು. ಎರಡೂ ಗುಂಪಿನ ಶ್ರುತಿ ಬಹುತೇಕ ಒಂದೇ. ಕಂಪನದ ಏರುಪೇರಿನಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ ಕಂಡಿತು. ಯಾರು ಯಾವ ಜನಾಂಗ ಎಂದು ಹೇಳಲು ಕೂತ ಕೇಳುಗರು ಸರಿ ಹೇಳಿದ್ದು ನೂರಕ್ಕೆ 60 ಸಲ. ನಾಣ್ಯ ಚಿಮ್ಮಿದರೂ 50 ಸಲ ಸರಿಯಾಗುವ ಪರೀಕ್ಷೆ ಅದು. 1997ರಲ್ಲಿ ಕ್ರಿಸ್ಟೀನ್ ಸಪಿಯೆಂಜಾ ಎರಡೂ ಜನಾಂಗದ ಗಂಡಸರು ಹೆಂಗಸರಲ್ಲಿ ಗಾಳಿಯ ಒತ್ತಡ, ಹರಿವು, ಶ್ರುತಿಗಳನ್ನೆಲ್ಲ ಅಳೆದಾಗಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಓದುವಾಗ ಕಂಡ ಅಂತರದ ಬಹುಪಾಲು ಗಂಟಲಿನದಲ್ಲ, ಮಾತನಾಡುವ ರೂಢಿಯದು ಎಂದುಕೊಳ್ಳುವುದೇ ಇಲ್ಲಿ ಸಮಂಜಸ.

ರೂಢಿಯ ಬಲ ಎಷ್ಟೆಂಬುದಕ್ಕೆ ಜಾನ್ ಬಾ ಅವರ ಪ್ರಯೋಗವನ್ನು ಮೀರಿಸಿದ್ದು ಇಲ್ಲ. ಲಾಸ್ ಏಂಜಲೀಸಿನಲ್ಲಿ ಬೆಳೆದ ಈ ಕಪ್ಪು ಭಾಷಾವಿಜ್ಞಾನಿಗೆ ಮೂರು ಬಗೆಯ ಇಂಗ್ಲಿಷು ಸರಾಗ. ಶಿಷ್ಟ ಅಮೆರಿಕನ್ ಇಂಗ್ಲಿಷು, ಕಪ್ಪು ಜನರ ಆಡುನುಡಿ, ಮೆಕ್ಸಿಕನ್ ಮೂಲದ ಚಿಕಾನೊ ಜನರ ಇಂಗ್ಲಿಷು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಬಾಡಿಗೆ ಮನೆಗಳಿಗೆ ಅವರು ಮೂರೂ ಬಗೆಯಲ್ಲಿ ಫೋನು ಮಾಡಿ, ಮನೆ ನೋಡಬಹುದೆ ಎಂದು ಕೇಳಿದರು. ಬಿಳಿಯರೇ ತುಂಬಿದ ವುಡ್‌ಸೈಡ್‌ನಂಥ ಊರುಗಳಲ್ಲಿ ಶಿಷ್ಟ ಇಂಗ್ಲಿಷಿಗೆ ಬಂದಷ್ಟು ‘ಬನ್ನಿ’ ಉಳಿದೆರಡಕ್ಕೆ ಬರಲಿಲ್ಲ. ಪರ್ನೆಲ್ ಮತ್ತು ಇಡ್ಸಾರ್ಡಿ ಅವರ ಜೊತೆ 1999ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಇನ್ನೊಂದು ಭಾಗವೂ ಇತ್ತು. ಮೂರೂ ಬಗೆಯ ಮಾತಿನಿಂದ ‘ಹಲೋ’ ಎಂಬ ಪದವೊಂದನ್ನೇ ಕತ್ತರಿಸಿ ಕೇಳಿಸಿದಾಗ ಕೇಳುಗರು ಯಾವ ನುಡಿ ಎಂದು ನೂರಕ್ಕೆ 70ಕ್ಕೂ ಹೆಚ್ಚು ಸಲ ಸರಿಯಾಗಿ ಹೇಳಿದರು. ಗಂಟಲು ಒಂದೇ, ‘ಹಲೋ’ ಒಂದೇ. ಕೇಳುಗರ ಕಿವಿಯಲ್ಲಿ ಮೂರು ಜನ. ಒಂದು ಇಡೀ ‘ಆ’ದಲ್ಲಿ ಸಿಗದ ಜನಾಂಗ ಅರೆಕ್ಷಣದ ‘ಹಲೋ’ದಲ್ಲಿ ಸಿಕ್ಕಿತು.

ಹಾಗಾದರೆ ಪ್ರಾಯದ ಗುರುತುಗಳಲ್ಲಿ ನುಡಿಗೆ ಸೇರಿದವು ಜನಾಂಗದ ಗಡಿ ದಾಟುವಾಗ ಏನಾಗುತ್ತವೆ? ಬೇರೆ ಭಾಷೆಗಳ ನಡುವಿನ ಪ್ರಯೋಗ ಇದಕ್ಕೆ ದಾರಿ ತೋರಿಸುತ್ತದೆ. ಇಂಡಿಯಾನಾ ವಿಶ್ವವಿದ್ಯಾಲಯದ ಕ್ಯೋಕೊ ನಗಾವೊ ಮತ್ತು ಡಯೇನ್ ಕ್ಯೂಲಿ-ಪೋರ್ಟ್ 2005ರಲ್ಲಿ ಜಪಾನಿ ಮತ್ತು ಇಂಗ್ಲಿಷ್ ಮಾತಿನ ಮುದ್ರಣಗಳನ್ನು ಎರಡೂ ಭಾಷೆಯ ಕೇಳುಗರಿಗೆ ಕೇಳಿಸಿದರು. ಪರಭಾಷೆಯ ದನಿಯ ಪ್ರಾಯವನ್ನೂ ಜನ ಒಂದು ಮಟ್ಟಕ್ಕೆ ಹೇಳಬಲ್ಲರು, ಗಂಟಲಿನ ಮುಪ್ಪಿಗೆ ಭಾಷೆ ಬೇಕಿಲ್ಲ. ಆದರೆ ತಮ್ಮ ಭಾಷೆಯ ದನಿಯಲ್ಲಿ ಅಂದಾಜು ಹೆಚ್ಚು ನಿಖರ. ಹಿಂದುಮುಂದಾದ ಮುದ್ರಣ ಕೇಳಿದ 1966ರ ಕೇಳುಗರ ಸ್ಥಿತಿಯೇ ಪರಭಾಷೆ ಕೇಳುವವರದು. ಮೈ ಕೇಳುತ್ತದೆ, ಮಾತು ಕೇಳುವುದಿಲ್ಲ.

ತೊಡಕು ಹೆಚ್ಚುವುದು ಒಂದೇ ಗುರುತಿಗೆ ಎರಡು ಕಡೆ ಎರಡು ಅರ್ಥ ಇದ್ದಾಗ. ರೆನೆ ವಾನ್ ಬೆಜೂಯೆನ್ 1995ರಲ್ಲಿ ತೋರಿಸಿದಂತೆ ಜಪಾನಿನ ಹೆಂಗಸರು ಡಚ್ ಹೆಂಗಸರಿಗಿಂತ ಮೇಲಿನ ಶ್ರುತಿಯಲ್ಲಿ ಮಾತನಾಡುತ್ತಾರೆ, ಹೆಣ್ಣಿನ ದನಿ ಹೀಗಿರಬೇಕು ಎಂಬ ಆದರ್ಶ ಎರಡು ಸಮಾಜಗಳಲ್ಲಿ ಬೇರೆ ಬೇರೆ ಆಗಿರುವುದರಿಂದ. ಅದನ್ನು ತಿಳಿಯದ ಯುರೋಪಿನ ಕಿವಿಗೆ ನಲವತ್ತರ ಜಪಾನಿ ಹೆಂಗಸು ಹುಡುಗಿಯಂತೆ ಕೇಳಿಸಬಹುದು. ಒಡಕು ದನಿಯದು ಇನ್ನೂ ಮೋಜಿನ ಸಂಗತಿ. ವಾಕ್ಯದ ಕೊನೆಯಲ್ಲಿ ದನಿಯನ್ನು ತೀರ ಕೆಳಗಿಳಿಸಿ ಕಿರುಗುಟ್ಟಿಸುವುದು ಒಂದು ಕಾಲಕ್ಕೆ ಮುಪ್ಪಿನ ಇಲ್ಲವೆ ಗಂಟಲ ರೋಗದ ಲಕ್ಷಣ. ಈ ಶತಮಾನದಲ್ಲಿ ಅದು ಅಮೆರಿಕದ ಯುವತಿಯರ ಶೈಲಿಯಾಗಿದೆ ಎಂದು ಇಕುಕೊ ಯುವಾಸಾ 2010ರಲ್ಲಿ ಬರೆದರು. ಅಲ್ಲಿನ ಕಾಲೇಜಿನ ಹುಡುಗರಿಗೆ ಅದು ಹರೆಯದ ಗುರುತಾಗಿ ಕೇಳಿಸಬಹುದು. ಆ ಶೈಲಿಯ ಪರಿಚಯವಿಲ್ಲದವರಿಗೆ ಅದು ಬರೀ ಒಡಕು. ಕಪ್ಪು ಅಮೆರಿಕನ್ನರ ಆಡುನುಡಿಯಲ್ಲಿ ಗಂಡಸರೂ ಮಾತಿನ ನಡುವೆ ಥಟ್ಟನೆ ಕೀರಲು ಶ್ರುತಿಗೆ ಏರಿ ಇಳಿಯುವುದುಂಟು, ಶ್ರುತಿಯ ಹರವು ದೊಡ್ಡದು. ಬಿಳಿಯರ ಮಾತಿನಲ್ಲಿ ಅಂಥ ಏರಿಳಿತ ಹೆಚ್ಚಾಗಿ ಮಕ್ಕಳದು ಅಥವಾ ಉದ್ವೇಗದ್ದು.

ವೇಗದ ವಿಷಯವೂ ಹೀಗೆಯೇ. 2009ರಲ್ಲಿ ಯಾಸೆವಿಚ್ ಮತ್ತು ಜೊತೆಯವರು ಅಮೆರಿಕದ ಉತ್ತರದ ವಿಸ್ಕಾನ್ಸಿನ್ ಮತ್ತು ದಕ್ಷಿಣದ ನಾರ್ತ್ ಕ್ಯಾರೊಲಿನಾ ಜನರ ಮಾತಿನ ವೇಗ ಅಳೆದಾಗ ದಕ್ಷಿಣದವರು ನಿಧಾನ ಎಂಬ ಲೋಕರೂಢಿ ನಿಜವೆಂದು ತಿಳಿಯಿತು. ಎರಡೂ ಕಡೆ ಎಳೆಯರು ವೃದ್ಧರಿಗಿಂತ ವೇಗವಾಗಿ ಓದುತ್ತಾರೆ ಎಂಬುದೂ ತಿಳಿಯಿತು. ಹಾಗಾದರೆ ಕ್ಯಾರೊಲಿನಾದ ಯುವಕನ ನಿಧಾನವನ್ನು ವಿಸ್ಕಾನ್ಸಿನ್ನಿನ ಕಿವಿ ಯಾವ ಲೆಕ್ಕಕ್ಕೆ ಬರೆದುಕೊಳ್ಳಬೇಕು? ಇದಕ್ಕೆ ಜನಾಂಗದ ಎಳೆ ಸೇರುವುದು ಚರಿತ್ರೆಯಿಂದ. 1910ರಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣ ಬಿಟ್ಟು ಶಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕುಗಳಿಗೂ ಪಶ್ಚಿಮಕ್ಕೂ ವಲಸೆ ಹೋದರು. ದಕ್ಷಿಣದಲ್ಲಿ ಕಪ್ಪು ಬಿಳಿ ಎನ್ನದೆ ಎಲ್ಲರೂ ಆಡುತ್ತಿದ್ದ ಎಷ್ಟೋ ರೂಪಗಳು ಉತ್ತರದ ನಗರಗಳಲ್ಲಿ ಕಪ್ಪು ಜನರ ಗುರುತಾಗಿಬಿಟ್ಟವು. ಊರಿನ ದೂರ ಜನಾಂಗದ ದೂರವಾಗಿ ಕೇಳತೊಡಗಿದ್ದು ಹೀಗೆ.

ಇದಕ್ಕಿಂತ ಸೂಕ್ಷ್ಮವಾದದ್ದು ಪೀಳಿಗೆಯ ಗುರುತು. ಭಾಷೆಯ ಉಚ್ಚಾರಣೆ ಪ್ರತಿ ತಲೆಮಾರಿಗೂ ಚೂರು ಸರಿಯುತ್ತದೆ ಎಂಬುದನ್ನು ವಿಲಿಯಂ ಲಬೋವ್ 1963ರಲ್ಲಿ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಅಧ್ಯಯನದಿಂದ ತೋರಿಸಿಕೊಟ್ಟರು. ಎಪ್ಪತ್ತರವರು ಮತ್ತು ಮೂವತ್ತರವರು ಒಂದೇ ಸ್ವರವನ್ನು ಬೇರೆ ಬೇರೆಯಾಗಿ ಆಡುತ್ತಾರೆ; ಊರಿನವರ ಕಿವಿಗೆ ಅದು ಪ್ರಾಯವನ್ನು ಹೇಳುತ್ತದೆ, ಗಂಟಲು ಎಷ್ಟೇ ಎಳೆಯದಾಗಿರಲಿ. ಅಮೆರಿಕದ ಗ್ರೇಟ್ ಲೇಕ್ಸ್ ಸುತ್ತಲಿನ ನಗರಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಹಲವು ಸ್ವರಗಳು ಒಟ್ಟಿಗೆ ಜಾಗ ಬದಲಿಸಿದವು. ಆ ಬದಲಾವಣೆಯಲ್ಲಿ ಭಾಗಿಯಾದವರು ಬಹುತೇಕ ಬಿಳಿಯರು. ಅದೇ ನಗರದ ಕಪ್ಪು ಜನ ಅದರಿಂದ ಹೊರಗೇ ಉಳಿದರು, ಅವರ ಮಾತು ತನ್ನದೇ ಹಾದಿಯಲ್ಲಿ ಬದಲಾಯಿತು. ಹೀಗಾಗಿ ಶಿಕಾಗೊದ ಬಿಳಿಯನೊಬ್ಬ ತನ್ನವರ ಪೀಳಿಗೆ ಅಳೆಯಲು ಬಳಸುವ ಸ್ವರದ ಅಳತೆಗೋಲು ಎರಡು ಬೀದಿ ಆಚೆಯ ಕಪ್ಪು ನೆರೆಯವನಿಗೆ ಹೊಂದುವುದೇ ಇಲ್ಲ. ಆ ನೆರೆಯವನ ಮಾತಿನಲ್ಲೂ ಪೀಳಿಗೆಯ ಗುರುತುಗಳಿವೆ. ಅವನ್ನು ಓದಲು ಆ ನುಡಿಯ ನಡುವೆ ಬಾಳಿರಬೇಕು. ಈ ಬಾಳುವಿಕೆ ಎರಡು ಕಡೆಗೂ ಸಮನಾಗಿ ಹಂಚಿಹೋಗಿಲ್ಲ. ರೇಡಿಯೊ, ಟಿವಿ, ಶಾಲೆ, ಕಚೇರಿಗಳಲ್ಲಿ ಕಪ್ಪು ಜನ ದಿನವೂ ಬಿಳಿಯರ ಇಂಗ್ಲಿಷು ಕೇಳುತ್ತಾರೆ. ಬಿಳಿಯರಿಗೆ ಕಪ್ಪು ಜನರ ಮನೆಮಾತು ಕಿವಿಗೆ ಬೀಳುವುದು ಅಷ್ಟಕ್ಕಷ್ಟೆ. ದನಿಯಿಂದ ವ್ಯಕ್ತಿಯನ್ನು ಗುರುತಿಸುವ ಶಕ್ತಿಯಲ್ಲಿ ಈ ಬಗೆಯ ಓರೆ ಇದೆ ಎಂದು ಪೆರಾಕಿಯೋನ್, ಚಿಯಾವ್, ವಾಂಗ್ ಎಂಬವರು 2010ರಲ್ಲಿ ವಾದಿಸಿದ್ದಾರೆ. ತನ್ನ ಜನಾಂಗದ ದನಿ ಚೆನ್ನಾಗಿ ಗುರುತು ಸಿಗುವುದಕ್ಕೆ ಕಾರಣ ರಕ್ತವಲ್ಲ, ಬಳಕೆ ಎಂಬುದು ಅವರ ತೀರ್ಮಾನದ ತಿರುಳು.

ಪೀಳಿಗೆಯ ಬದಲಾವಣೆ ಶ್ರುತಿಯನ್ನೂ ಬಿಟ್ಟಿಲ್ಲ. ಆಸ್ಟ್ರೇಲಿಯಾದಲ್ಲಿ ಪೆಂಬರ್ಟನ್ ಮತ್ತು ಜೊತೆಯವರು 1945ರ ಯುವತಿಯರ ಹಳೆಯ ಮುದ್ರಣಗಳನ್ನು 1993ರ ಯುವತಿಯರ ದನಿಯೊಡನೆ ಹೋಲಿಸಿದರು. ಸರಾಸರಿ ಶ್ರುತಿ 229ರಿಂದ 206 ಹರ್ಟ್ಸ್‌ಗೆ ಇಳಿದಿತ್ತು. ಐವತ್ತು ವರ್ಷಗಳಲ್ಲಿ ಗಂಟಲು ಬದಲಾಗುವುದಿಲ್ಲ, ಹೆಣ್ಣಿನ ದನಿಯ ಆದರ್ಶ ಬದಲಾಗುತ್ತದೆ. ಹಾಗಾಗಿ ಒಂದೇ ಕಾಲದ ಎಳೆಯರನ್ನೂ ವೃದ್ಧರನ್ನೂ ಹೋಲಿಸಿದಾಗ ಮುಪ್ಪು ಯಾವುದು, ಪೀಳಿಗೆ ಯಾವುದು ಎಂದು ಬಿಡಿಸುವುದು ಕಷ್ಟ. ಒಬ್ಬರೇ ವ್ಯಕ್ತಿಯನ್ನು ದಶಕಗಳ ಕಾಲ ಕೇಳುವುದು ಮೇಲು. 1952ರಿಂದ ಹೆಚ್ಚುಕಡಿಮೆ ಪ್ರತಿ ಕ್ರಿಸ್‌ಮಸ್‌ಗೆ ಭಾಷಣ ಮಾಡಿದ ರಾಣಿ ಎರಡನೆಯ ಎಲಿಜಬೆತ್ ಈ ವಿಷಯದಲ್ಲಿ ವಿಜ್ಞಾನಕ್ಕೆ ತಿಳಿಯದೆಯೇ ಉಪಕಾರ ಮಾಡಿದರು. ಜೊನಾಥನ್ ಹ್ಯಾರಿಂಗ್ಟನ್ ಮತ್ತು ಅವರ ಸಹೋದ್ಯೋಗಿಗಳು ಆ ಮುದ್ರಣಗಳಲ್ಲಿ ಶ್ರುತಿ ವರ್ಷಗಳುರುಳಿದಂತೆ ಇಳಿದದ್ದನ್ನು ಅಳೆದರು. ಅಷ್ಟೇ ಅಲ್ಲ, ರಾಣಿಯ ಉಚ್ಚಾರಣೆಯೂ ತನ್ನ ಪ್ರಜೆಗಳ ಹೊಸ ಉಚ್ಚಾರಣೆಯ ಕಡೆಗೆ ಸರಿದಿತ್ತು. ಕಪ್ಪು ಜನಾಂಗದ ಒಂದು ದನಿಯನ್ನು ಇಷ್ಟು ಉದ್ದಕ್ಕೆ, ಇಷ್ಟು ಕ್ರಮವಾಗಿ ಹಿಂಬಾಲಿಸಿದ ಅಂಥದೇ ಹೆಸರಾಂತ ಅಧ್ಯಯನ ಇಲ್ಲದಿರುವುದು ಈ ಕ್ಷೇತ್ರದ ಕೊರತೆ.

ಇಷ್ಟೆಲ್ಲ ಆದ ಮೇಲೂ ಕಿವಿ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಕಣ್ಣು ಮತ್ತು ಮನಸ್ಸು ಅದರ ಕೈ ಹಿಡಿದು ಎಳೆಯುತ್ತವೆ. ಜಾರ್ಜಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ರೂಬಿನ್ 1992ರಲ್ಲಿ ಒಬ್ಬಳೇ ಅಮೆರಿಕನ್ ಹೆಂಗಸಿನ ಉಪನ್ಯಾಸವನ್ನು ವಿದ್ಯಾರ್ಥಿಗಳಿಗೆ ಕೇಳಿಸಿದರು. ಕೆಲವರ ಮುಂದೆ ಬಿಳಿ ಮುಖದ ಚಿತ್ರ, ಕೆಲವರ ಮುಂದೆ ಏಷ್ಯಾದ ಮುಖದ ಚಿತ್ರ. ಏಷ್ಯಾದ ಮುಖ ನೋಡಿದವರು ಇಲ್ಲದ ಪರದೇಶಿ ಉಚ್ಚಾರಣೆಯನ್ನು ಕೇಳಿದರು, ಪಾಠವನ್ನೂ ಕಡಿಮೆ ಗ್ರಹಿಸಿದರು. ನ್ಯೂಜಿಲೆಂಡಿನಲ್ಲಿ ಜೆನ್ ಹೇ, ಪಾಲ್ ವಾರನ್, ಕೇಟಿ ಡ್ರೇಗರ್ 2006ರಲ್ಲಿ ಇದನ್ನೇ ಪ್ರಾಯದ ಕಡೆಯಿಂದ ನೋಡಿದರು. ಅಲ್ಲಿ ಎಳೆಯರು ಎರಡು ಸ್ವರಗಳನ್ನು ಒಂದಾಗಿಸಿ ಆಡುತ್ತಾರೆ, ಹಿರಿಯರು ಬೇರೆ ಬೇರೆಯಾಗಿ. ಆಡುತ್ತಿರುವವರ ಚಿತ್ರ ಎಳೆಯದೋ ಹಿರಿಯದೋ ಎಂಬುದರ ಮೇಲೆ ಅದೇ ಪದ ಕೇಳುಗರಿಗೆ ಬೇರೆಯಾಗಿ ಕೇಳಿತು. ಪ್ರಾಯದ ನಿರೀಕ್ಷೆ ದನಿಯನ್ನು ಬದಲಿಸಬಲ್ಲದಾದರೆ ಜನಾಂಗದ ನಿರೀಕ್ಷೆ ಪ್ರಾಯವನ್ನೂ ಬದಲಿಸಬಲ್ಲದು. ಮುಖದ ವಿಷಯದಲ್ಲಿ ಇದಕ್ಕೆ ನೇರ ಸಾಕ್ಷಿಯಿದೆ. ಫಿಲಿಪ್ ಅಟೀಬ ಗಾಫ್ ಮತ್ತು ಜೊತೆಯವರು 2014ರಲ್ಲಿ, ಗಂಭೀರ ಅಪರಾಧದ ಆರೋಪಿಗಳೆಂದು ಹೇಳಿ ಹುಡುಗರ ಚಿತ್ರಗಳನ್ನು ಕಾಲೇಜು ವಿದ್ಯಾರ್ಥಿಗಳಿಗೆ ತೋರಿಸಿದಾಗ, ವಿದ್ಯಾರ್ಥಿಗಳು ಕಪ್ಪು ಹುಡುಗರಿಗೆ ಇರುವುದಕ್ಕಿಂತ ಸರಾಸರಿ ನಾಲ್ಕೂವರೆ ವರ್ಷ ಹೆಚ್ಚು ಹೇಳಿದರು. ಹದಿಮೂರರ ಮಗು ಹದಿನೆಂಟರ ಹತ್ತಿರ ಬಂದುಬಿಟ್ಟಿತು. ಅದು ಚಿತ್ರದ ಪರೀಕ್ಷೆ. ಆದರೆ ಒಂದು ‘ಹಲೋ’ದಲ್ಲೇ ಜನಾಂಗ ಹಿಡಿಯುವ ಕಿವಿಗೆ ಆ ಪೂರ್ವಗ್ರಹ ತಲುಪಲು ಚಿತ್ರವೇನೂ ಬೇಕಿಲ್ಲ.

ಈ ಅಂದಾಜುಗಳು ಪ್ರಯೋಗಾಲಯದಲ್ಲೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಕತ್ತಲಲ್ಲಿ ಕೇಳಿದ ದನಿ, ಫೋನಿನ ಬೆದರಿಕೆ, ತನಿಖಾಧಿಕಾರಿ ಗುಟ್ಟಾಗಿ ಆಲಿಸಿದ ಮಾತು ಇವೆಲ್ಲ ನ್ಯಾಯಾಲಯಕ್ಕೆ ಬರುತ್ತವೆ. ಸಾಕ್ಷಿ ಹೇಳುವವರು ದನಿಯ ಜನಾಂಗವನ್ನೂ ಪ್ರಾಯವನ್ನೂ ಹೇಳುತ್ತಾರೆ. 1995ರಲ್ಲಿ ಅಮೆರಿಕದ ಒ. ಜೆ. ಸಿಂಪ್ಸನ್ ಕೊಲೆ ವಿಚಾರಣೆಯಲ್ಲಿ, ಕೇಳಿದ ದನಿ ಕಪ್ಪು ಗಂಡಸಿನದೆಂದು ಅನಿಸಿತೆ ಎಂಬ ಪ್ರಶ್ನೆಗೆ ಪ್ರತಿವಾದಿಯ ವಕೀಲ ಜಾನಿ ಕಾಕ್ರನ್ ಸಿಡಿದೆದ್ದದ್ದು ಟಿವಿಯಲ್ಲಿ ದೇಶವೆಲ್ಲ ನೋಡಿದ ದೃಶ್ಯ. ನಾಲ್ಕು ವರ್ಷದ ಬಳಿಕ ಕೆಂಟಕಿ ರಾಜ್ಯದ ಸುಪ್ರೀಂ ಕೋರ್ಟು, ಮಾದಕವಸ್ತು ಮಾರಾಟದ ಪ್ರಕರಣವೊಂದರಲ್ಲಿ, ಉಪಕರಣದ ಮೂಲಕ ಕೇಳಿದ ದನಿ ಕಪ್ಪು ಗಂಡಸಿನಂತಿತ್ತು ಎಂಬ ಪೊಲೀಸ್ ಅಧಿಕಾರಿಯ ಸಾಕ್ಷ್ಯವನ್ನು ಒಪ್ಪಿಕೊಂಡಿತು. ಜಾನ್ ಬಾ ಇಂಥ ನಡವಳಿಕೆಗೆ ‘ಭಾಷಿಕ ಪ್ರೊಫೈಲಿಂಗ್’ ಎಂದು ಹೆಸರಿಟ್ಟವರು. ‘ಇಪ್ಪತ್ತೈದರ ಸುಮಾರಿನ ಕಪ್ಪು ಯುವಕನ ದನಿ’ ಎಂಬಂಥ ಹೇಳಿಕೆಯಲ್ಲಿ ಎರಡು ಅಂದಾಜುಗಳಿವೆ, ಒಂದರ ತಪ್ಪು ಇನ್ನೊಂದಕ್ಕೆ ಸೇರುತ್ತದೆ. ಹತ್ತು ವರ್ಷದ ತಪ್ಪನ್ನು ಸಾಮಾನ್ಯವೆಂದು ಎಣಿಸುವ ವಿದ್ಯೆಯಲ್ಲಿ ಇಪ್ಪತ್ತೈದು ಎಂಬ ಅಂಕಿ ಹದಿನೈದೂ ಆಗಬಹುದು, ಮೂವತ್ತೈದೂ ಆಗಬಹುದು.

ಈಗ ಇದೇ ಕೆಲಸ ಯಂತ್ರಗಳ ಪಾಲಿಗೆ ಬಂದಿದೆ. ಕರೆ ಮಾಡಿದವರು ಮಕ್ಕಳೋ ವೃದ್ಧರೋ ಎಂದು ತಿಳಿದು ಉತ್ತರದ ಬಗೆಯನ್ನು ಬದಲಿಸುವ ವ್ಯವಸ್ಥೆಗಳು ಬೇಕೆಂದು ಉದ್ಯಮ ಕೇಳುತ್ತಿದೆ. 2010ರಲ್ಲಿ ಇಂಟರ್‌ಸ್ಪೀಚ್ ಸಮ್ಮೇಳನ ಪ್ರಾಯ ಮತ್ತು ಲಿಂಗ ಗುರುತಿಸುವ ಸ್ಪರ್ಧೆಯನ್ನೇ ಇಟ್ಟಿತು. ಅದಕ್ಕೆ ಕೊಟ್ಟ ದನಿಗಳೆಲ್ಲ ಜರ್ಮನ್ ಭಾಷೆಯ ಫೋನ್ ಕರೆಗಳು. ಅದರಲ್ಲಿ ಪ್ರಾಯಕ್ಕೆ ವರ್ಷಗಳಿರಲಿಲ್ಲ, ಮಕ್ಕಳು, ಯುವಜನ, ವಯಸ್ಕರು, ಹಿರಿಯರು ಎಂಬ ನಾಲ್ಕೇ ಖಾನೆಗಳಿದ್ದವು. ವಯಸ್ಕರ ಖಾನೆ 25ರಿಂದ 54ರವರೆಗೆ ಚಾಚಿತ್ತು. ಹಳೆಯ ಫೋನ್ ತಂತಿ ಸುಮಾರು 300ರಿಂದ 3,400 ಹರ್ಟ್ಸ್ ಮಾತ್ರ ಒಯ್ಯುವುದರಿಂದ ಗಂಡಸಿನ ಮೂಲ ಶ್ರುತಿ ಅದರಲ್ಲಿ ಬರುವುದೇ ಇಲ್ಲ. ಮೇಲಿನ ಕಂಪನಗಳಿಂದ ಅದನ್ನು ಮನುಷ್ಯನ ಮಿದುಳು ತಾನೇ ಕಟ್ಟಿಕೊಳ್ಳುತ್ತದೆ, ಯಂತ್ರ ಲೆಕ್ಕ ಹಾಕಿ ತೆಗೆಯಬೇಕು. ಇಂಗ್ಲಿಷಿನ ಮಾತು ಗುರುತಿಸುವ ಯಂತ್ರಗಳು ಬಹುಕಾಲ ಪಾಠ ಕಲಿತ ‘ಟಿಮಿಟ್’ ಸಂಗ್ರಹದಲ್ಲಿ 630 ಜನರ ದನಿಗಳಿವೆ. ಅಮೆರಿಕದ ಎಂಟು ನುಡಿಪ್ರದೇಶಗಳಿಂದ ಆರಿಸಿದವರಾದರೂ ಬಹುಪಾಲು ಬಿಳಿಯರು, ಹತ್ತರಲ್ಲಿ ಏಳು ಗಂಡಸರು. 2020ರಲ್ಲಿ ಸ್ಟ್ಯಾನ್‌ಫರ್ಡ್‌ನ ಆಲಿಸನ್ ಕೊನೆಕೆ ಮತ್ತು ತಂಡ, ದೊಡ್ಡ ಕಂಪನಿಗಳ ಐದು ಯಂತ್ರಗಳಿಗೆ ಕಪ್ಪು ಮತ್ತು ಬಿಳಿ ಜನರ ಸಂಭಾಷಣೆಗಳನ್ನು ಕೊಟ್ಟು ಬರೆಸಿದರು. ಬಿಳಿಯರ ಮಾತಿನಲ್ಲಿ ನೂರಕ್ಕೆ 19 ಪದ ತಪ್ಪು, ಕಪ್ಪು ಜನರ ಮಾತಿನಲ್ಲಿ 35. ಆಡಿದ ಪದವನ್ನೇ ಹಿಡಿಯಲಾಗದ ಯಂತ್ರಕ್ಕೆ ವ್ಯಂಜನದ ಅಸ್ಪಷ್ಟತೆ ಮುಪ್ಪಿನದೋ ನುಡಿಯದೋ ಎಂದು ಬೇರ್ಪಡಿಸುವ ಕೆಲಸ ಇನ್ನೂ ಕಷ್ಟದ್ದು.